ಲೇಸರ್ ಪ್ರಿಂಟ್‌ನಲ್ಲಿ ಕಪ್ಪು ಚುಕ್ಕಿ, ಬೂದು ಹಾಳೆ, ಮಾಸಿದ ಒತ್ತಕ್ಷರ: ಕಾಟ್ರಿಡ್ಜ್ ಬದಲಿಸಲೇಬೇಕಾ?

ತೀರ್ಥಹಳ್ಳಿ ಡಿಟಿಪಿ (ಸೋಮವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಜಿ, ಕರಾರು ಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಇಂಥ ಕೆಲಸವೇ ಜಾಸ್ತಿ. ನನ್ನದು 12ಎ ಅನ್ನುವ ಕಾಟ್ರಿಡ್ಜ್ (ಕಪ್ಪು ಪುಡಿ ತುಂಬುವ ಡಬ್ಬಿ) ಹಾಕುವ ಹಳೇ ಲೇಸರ್ ಪ್ರಿಂಟರ್. ಇಷ್ಟು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಈ ಸಲ ಮಳೆ ಹಿಡಿದ ಮೇಲೆ ಒಂದಾದ ಮೇಲೊಂದು ತೊಂದರೆ ಶುರುವಾಗಿದೆ.

ಒಂದು, ಹಾಳೆಯ ಬಲಗಡೆ ಕಪ್ಪು ಚುಕ್ಕಿ ಬೀಳುತ್ತಿದೆ. ಸಾಸಿವೆ ಕಾಳಿನಷ್ಟು ಗಾತ್ರ. ಮೇಲಿಂದ ಕೆಳಗೆ ಒಂದೇ ಸಾಲಿನಲ್ಲಿ ಮೂರೋ ನಾಲ್ಕೋ ಇರುತ್ತವೆ. ಎರಡು, ಬಿಳಿ ಹಾಳೆ ಬಿಳಿಯಾಗಿ ಹೊರಗೆ ಬರುತ್ತಿಲ್ಲ. ತೆಳ್ಳಗೆ ಬೂದಿ ಸವರಿದ ಹಾಗೆ ಇರುತ್ತದೆ. ಮೂರು, ಎಡಗಡೆ ಅಕ್ಷರ ಮಾಸಿದೆ. ಅದರಲ್ಲೂ ಒತ್ತಕ್ಷರ ಕಾಣಿಸುವುದೇ ಇಲ್ಲ. ಮೊನ್ನೆ ಒಂದು ಕರಾರು ಪತ್ರದಲ್ಲಿ 'ಪತ್ನಿ' ಅಂತ ಟೈಪ್ ಮಾಡಿದ್ದು 'ಪತಿ' ಅಂತ ಓದುವ ಹಾಗೆ ಬಂದಿತ್ತು. ಗಿರಾಕಿಯೇ ನೋಡಿ ಹೇಳಿದರು. ಎದೆ ಧಸಕ್ಕೆಂದಿತು.

ಹೋದ ವಾರವಷ್ಟೇ ರೀಫಿಲ್ ಮಾಡಿಸಿದ್ದೆ. ರೀಫಿಲ್‌ನವರನ್ನು ಕೇಳಿದರೆ ಪ್ರಿಂಟರ್ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು ಡ್ರಮ್ ಹೋಗಿದೆ ಅನ್ನುತ್ತಾರೆ. ಶುಕ್ರವಾರ ಒಂದು ಶಾಲೆಗೆ ಪ್ರಶ್ನೆಪತ್ರಿಕೆ ಕೊಡಬೇಕು. ಯಾರ ಮಾತು ಕೇಳಲಿ?

ಹಾಸನ ಝೆರಾಕ್ಸ್ (ಸೋಮವಾರ, ಬೆಳಿಗ್ಗೆ)

ಮೇಡಂ, ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಂಪಾಟಿಬಲ್ ಕಾಟ್ರಿಡ್ಜ್, ಅಂದ್ರೆ ಬೇರೆ ಕಂಪನಿ ಮಾಡಿದ ಹೊಂದುವ ಕಾಟ್ರಿಡ್ಜ್ ತಂದು ಹಾಕಿ. ಡ್ರಮ್, ಬ್ಲೇಡ್, ಪುಡಿ ಎಲ್ಲಾ ಒಂದೇ ಸಲಕ್ಕೆ ಹೊಸದು ಬರುತ್ತೆ. ನಾವು ಹಾಗೇ ಮಾಡೋದು.

ದಾವಣಗೆರೆ ರೀಫಿಲ್ (ಸೋಮವಾರ, ಮಧ್ಯಾಹ್ನ)

ಹಾಸನದವರು ಹೇಳಿದ್ದು ತಪ್ಪಲ್ಲ. 12ಎ ಥರದ ಕಾಟ್ರಿಡ್ಜ್‌ನಲ್ಲಿ ಅರ್ಧ ಪ್ರಿಂಟರ್ ಕಾಟ್ರಿಡ್ಜ್ ಒಳಗೇ ಇರುತ್ತದೆ. ಆದರೂ ದುಡ್ಡು ಕೊಡುವ ಮುಂಚೆ ಹತ್ತು ನಿಮಿಷ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಯಾಕೆಂದರೆ ತಂಗಿ ಹೇಳಿರುವುದು ಒಂದು ತೊಂದರೆಯಲ್ಲ, ಮೂರು. ಮೂರಕ್ಕೂ ಒಂದೇ ಕಾರಣ ಇರಬೇಕು ಅಂತೇನಿಲ್ಲ. ಹೊಸ ಕಾಟ್ರಿಡ್ಜ್ ಹಾಕಿದ ಮೇಲೂ ಅದರಲ್ಲಿ ಒಂದು ಉಳಿದುಬಿಟ್ಟರೆ ಆಗ ಇನ್ನೂ ಗೊಂದಲ. ನಾನು ಈ ಕೆಲಸ ಶುರು ಮಾಡಿ ಹದಿನೆಂಟು ವರ್ಷ ಆಯಿತು. ಗಿರಾಕಿ ಬಂದರೆ ಮೊದಲು ಕೇಳುವುದು ಹಾಳಾದ ಹಾಳೆ, ಪ್ರಿಂಟರ್ ಆಮೇಲೆ.

ಮೊದಲು ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿಯಬಹುದು.

ಕಾಟ್ರಿಡ್ಜ್ ತೆಗೆದು ಅದರ ಮುಚ್ಚಳ ಸರಿಸಿದರೆ ಹಸಿರೋ ನೀಲಿಯೋ ಬಣ್ಣದ, ಕನ್ನಡಿಯಂತೆ ಹೊಳೆಯುವ ಒಂದು ಉರುಳೆ ಕಾಣುತ್ತದಲ್ವಾ? ಅದು ಡ್ರಮ್. ಅಲ್ಯೂಮಿನಿಯಂ ಕೊಳವೆ, ಅದರ ಮೇಲೆ ಬೆಳಕು ಬಿದ್ದರೆ ಬದಲಾಗುವ ತೆಳ್ಳನೆ ಲೇಪ. ಅದಕ್ಕೆ ತಾಗಿಕೊಂಡೇ ಒಂದು ಕಪ್ಪು ರಬ್ಬರ್ ರೋಲರ್ ತಿರುಗುತ್ತದೆ. ನಾವು ಪಿಸಿಆರ್ ಅನ್ನುತ್ತೇವೆ. ಅದು ಡ್ರಮ್ಮಿನ ಮೈಗೆಲ್ಲ ಒಂದೇ ಸಮ ಋಣ ವಿದ್ಯುತ್ ತುಂಬುತ್ತದೆ. ಆಮೇಲೆ ಲೇಸರ್ ಬಂದು ಅಕ್ಷರ ಇರಬೇಕಾದ ಜಾಗಕ್ಕೆ ಮಾತ್ರ ಬೀಳುತ್ತದೆ. ಬಿದ್ದ ಕಡೆ ವಿದ್ಯುತ್ ಇಳಿದುಹೋಗುತ್ತದೆ. ಟೋನರ್ ಪುಡಿಯಲ್ಲೂ ಋಣ ವಿದ್ಯುತ್ತೇ ಇರುತ್ತದೆ. ಹಾಗಾಗಿ ಅದು ತುಂಬಿದ ಕಡೆ ಕೂರುವುದಿಲ್ಲ, ಇಳಿದುಹೋದ ಕಡೆ ಮಾತ್ರ ಕೂರುತ್ತದೆ. ಹಾಳೆಯ ಅಡಿಯಲ್ಲಿ ಟ್ರಾನ್ಸ್‌ಫರ್ ರೋಲರ್ ಅಂತ ಇನ್ನೊಂದಿದೆ. ಅದು ಪುಡಿಯನ್ನು ಹಾಳೆಗೆ ಎಳೆದುಕೊಳ್ಳುತ್ತದೆ. ಕೊನೆಗೆ ಫ್ಯೂಸರ್. ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಪುಡಿ ಕರಗಿ ಹಾಳೆಗೆ ಅಂಟುತ್ತದೆ. ಪುಡಿ ಅಂದರೆ ಬಹುಪಾಲು ಪ್ಲಾಸ್ಟಿಕ್ಕೇ. ಅದಕ್ಕೇ ಕರಗುವುದು.

ಇವೆಲ್ಲ ಉರುಳೆಗಳು. ಉರುಳೆಯಲ್ಲಿ ಎಲ್ಲಾದರೂ ಒಂದು ಕಲೆ ಇದ್ದರೆ ಅದು ಒಂದು ಸುತ್ತು ಬಂದಾಗಲೆಲ್ಲ ಹಾಳೆಗೆ ತಾಗುತ್ತದೆ. ರಂಗೋಲಿ ಹಾಕುವ ತೂತಿನ ಕೊಳವೆ ಉರುಳಿಸುತ್ತೀರಲ್ಲ, ಅದರಲ್ಲಿ ಒಂದು ಹೂವು ಒಂದೇ ಅಂತರಕ್ಕೆ ಮತ್ತೆ ಮತ್ತೆ ಬೀಳುತ್ತದೆ. ಇದೂ ಹಾಗೇ. ಎರಡು ಚುಕ್ಕಿಗಳ ನಡುವಿನ ಅಂತರ ಅಳೆದರೆ ಯಾವ ರೋಲರ್ ಅಂತ ಗೊತ್ತಾಗುತ್ತದೆ.

ತಂಗಿ, ಮಕ್ಕಳ ಕಂಪಾಸ್ ಬಾಕ್ಸ್‌ನ ಸ್ಕೇಲ್ ತಗೊಳ್ಳಿ. ಚುಕ್ಕಿಯಿಂದ ಚುಕ್ಕಿಗೆ ಎಷ್ಟು ಮಿಲಿಮೀಟರ್ ಅಂತ ಅಳೆದು ಹೇಳಿ. ಹಾಗೇ ಹೊಸ ರೀಮ್ (ಹಾಳೆಯ ಕಟ್ಟು) ಒಂದು ಒಡೆದು ಅದರ ನಡುವಿನಿಂದ ಒಂದು ಹಾಳೆ ತೆಗೆದು ಪ್ರಿಂಟ್ ಹಾಕಿ ನೋಡಿ. ಬೂದು ಬಣ್ಣ ಕಮ್ಮಿಯಾಗುತ್ತಾ, ಅಷ್ಟೇ ಇರುತ್ತಾ? ಇವೆರಡು ಸಾಕು ಸದ್ಯಕ್ಕೆ.

ತೀರ್ಥಹಳ್ಳಿ ಡಿಟಿಪಿ (ಸೋಮವಾರ, ಸಂಜೆ)

ಅಣ್ಣಾ, ತುಂಬಾ ಉಪಕಾರ. ಐದು ಹಾಳೆ ಪ್ರಿಂಟ್ ತೆಗೆದು ಅಳೆದೆ. ಎಲ್ಲದರಲ್ಲೂ 75 ಮಿಲಿಮೀಟರ್. ಒಂದೆರಡರಲ್ಲಿ 76 ಥರ ಕಂಡಿತು. ಕೆಲವು ಹಾಳೆಯಲ್ಲಿ ನಾಲ್ಕು ಚುಕ್ಕಿ, ಕೆಲವದರಲ್ಲಿ ಮೂರು.

ಹೊಸ ರೀಮಿನ ಹಾಳೆಯಲ್ಲಿ ಬೂದು ಸ್ವಲ್ಪ ಕಮ್ಮಿ. ಆದರೆ ಪೂರ್ತಿ ಹೋಗಿಲ್ಲ.

ದಾವಣಗೆರೆ ರೀಫಿಲ್ (ಸೋಮವಾರ, ರಾತ್ರಿ)

75 ಬಂತು ಅಂದರೆ ಅನುಮಾನವೇ ಬೇಡ, ಡ್ರಮ್. 12ಎ ಡ್ರಮ್ಮಿನ ಅಡ್ಡಳತೆ 24 ಮಿಲಿಮೀಟರ್. ಅದನ್ನು 3.14ರಿಂದ ಗುಣಿಸಿ, 75.4 ಬರುತ್ತದೆ. ಎ4 ಹಾಳೆ 297 ಮಿಲಿಮೀಟರ್ ಉದ್ದ. ಅದಕ್ಕೇ ನಿಮಗೆ ಒಮ್ಮೆ ಮೂರು, ಒಮ್ಮೆ ನಾಲ್ಕು ಸಿಗುತ್ತಿರುವುದು.

ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ. ಎಚ್‌ಪಿಯ 1010, 1018, 1020, ಎಂ1005 ಇವಕ್ಕೆಲ್ಲ 12ಎ. ಕ್ಯಾನನ್ 2900ಗೆ 303 ಅನ್ನುತ್ತಾರೆ, ಅದೂ ಇದೇ ವಂಶದ್ದು. ಎಚ್‌ಪಿ ಲೇಸರ್‌ಜೆಟ್‌ನ ಒಳಗಿನ ಎಂಜಿನ್ ಮಾಡಿಕೊಟ್ಟದ್ದು ಕ್ಯಾನನ್ನೇ, 1984ರ ಮೊದಲ ಲೇಸರ್‌ಜೆಟ್‌ನಿಂದ. ಬ್ರದರ್‌ನ ಸಣ್ಣ ಪ್ರಿಂಟರ್‌ಗಳಲ್ಲಿ ಡ್ರಮ್ ಸ್ವಲ್ಪ ದಪ್ಪ. ಅಲ್ಲಿ ಅಂತರ 94 ಮಿಲಿಮೀಟರ್ ಬರುತ್ತದೆ. ಅಂತರ ಇದಕ್ಕಿಂತ ತುಂಬಾ ಕಮ್ಮಿ ಬಂದರೆ ಪಿಸಿಆರ್ ಅಥವಾ ಮ್ಯಾಗ್ನೆಟ್ ರೋಲರ್ (ಪುಡಿಯನ್ನು ಡ್ರಮ್ಮಿಗೆ ತಲುಪಿಸುವ ಉರುಳೆ) ನೋಡಬೇಕು. ಮ್ಯಾಗ್ನೆಟ್ ರೋಲರ್ ಡ್ರಮ್ಮಿಗಿಂತ ಜೋರಾಗಿ ತಿರುಗುತ್ತದೆ. ಅದಕ್ಕೇ ಅದರ ಕಲೆ ಲೆಕ್ಕಕ್ಕಿಂತ ಹತ್ತಿರ ಹತ್ತಿರ ಬೀಳುತ್ತದೆ.

ಈಗ ಡ್ರಮ್ ನೋಡಿ. ಬಿಸಿಲಿನಲ್ಲಿ ಬೇಡ, ಕಿಟಕಿ ಪಕ್ಕವೂ ಬೇಡ. ಹೆಚ್ಚು ಹೊತ್ತು ಬೆಳಕು ಬಿದ್ದರೆ ಡ್ರಮ್ ಹಾಳಾಗುತ್ತದೆ. ಲೇಪಕ್ಕೆ ಬೆರಳು ತಾಗಿಸಬೇಡಿ. ತುದಿಯ ಹಲ್ಲಿನ ಗೇರ್ ಹಿಡಿದು ಮೆಲ್ಲಗೆ, ಅದು ತಿರುಗುವ ದಿಕ್ಕಿಗೇ ತಿರುಗಿಸಿ. ಚುಕ್ಕಿ ಹಾಳೆಯ ಬಲ ಅಂಚಿನಿಂದ ಎಷ್ಟು ದೂರ ಇದೆಯೋ ಡ್ರಮ್ಮಿನಲ್ಲೂ ಅಂಚಿನಿಂದ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ಹುಡುಕಿ. ಏನಾದರೂ ಅಂಟಿಕೊಂಡಿದ್ದರೆ ಒಣ ಮೆದು ಹತ್ತಿಯಿಂದ ಒರೆಸಿದರೆ ಹೋಗಬಹುದು. ಲೇಪವೇ ಎದ್ದುಹೋಗಿ ಅಲ್ಯೂಮಿನಿಯಂ ಕಾಣುತ್ತಿದ್ದರೆ ಆ ಜಾಗ ವಿದ್ಯುತ್ ಹಿಡಿದುಕೊಳ್ಳುವುದಿಲ್ಲ. ಲೇಸರ್ ಬೀಳದಿದ್ದರೂ ಪುಡಿ ಅಲ್ಲಿ ಹೋಗಿ ಕೂರುತ್ತದೆ. ಅದಕ್ಕೆ ಮದ್ದಿಲ್ಲ, ಡ್ರಮ್ ಬದಲಿಸಲೇಬೇಕು.

ಹಾಸನ ಝೆರಾಕ್ಸ್ (ಸೋಮವಾರ, ರಾತ್ರಿ)

ಒಣ ಹತ್ತಿಗೆ ಹೋಗಲಿಲ್ಲ ಅಂದ್ರೆ ಸ್ವಲ್ಪ ಥಿನ್ನರ್ ಹಚ್ಚಿ ಒರೆಸಬಹುದಾ? ನಮ್ಮಲ್ಲಿ ಒಬ್ಬರು ಹಾಗೆ ಮಾಡ್ತಿದ್ರು.

ದಾವಣಗೆರೆ ರೀಫಿಲ್ (ಸೋಮವಾರ, ರಾತ್ರಿ)

ಬೇಡ ಸರ್, ಖಂಡಿತ ಬೇಡ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ, ಇವು ಯಾವುದೂ ಡ್ರಮ್ ಹತ್ತಿರ ಬರಬಾರದು. ಲೇಪ ಕರಗುತ್ತದೆ. ಒಂದು ಚುಕ್ಕಿ ಇದ್ದ ಕಡೆ ಅಂಗೈ ಅಗಲದ ಕಪ್ಪು ಬರುತ್ತದೆ. ಹಾಗಾದ ಡ್ರಮ್ ತಂದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕುಂದಾಪುರ ಟೈಪಿಂಗ್ (ಮಂಗಳವಾರ, ಬೆಳಿಗ್ಗೆ)

ಹೊಸ ರೀಮಿನಲ್ಲಿ ಬೂದು ಕಮ್ಮಿ ಅಂದ್ರಲ್ಲ, ಅಲ್ಲಿಗೆ ಮಳೆಗಾಲದ ಪಾಲೂ ಇದೆ ಅಂತಾಯ್ತು. ನಮ್ಮ ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಗೋಳು. ಹಾಳೆ ಗಾಳಿಯ ತೇವ ಕುಡಿಯುತ್ತೆ. ತೇವ ಇದ್ದ ಹಾಳೆಯಲ್ಲಿ ವಿದ್ಯುತ್ ನಿಲ್ಲಲ್ಲ, ಸೋರಿಹೋಗುತ್ತೆ. ಆಗ ಟ್ರಾನ್ಸ್‌ಫರ್ ರೋಲರ್ ಎಷ್ಟು ಎಳೆದರೂ ಪುಡಿ ಸರಿಯಾಗಿ ಹಾಳೆಗೆ ಬರಲ್ಲ. ದಪ್ಪ ಅಕ್ಷರದ ನಡುವೆ ಮೋಡ ಮೋಡವಾಗಿ ಬಿಳಿ ಬಿಡುತ್ತೆ. ಫ್ಯೂಸರ್ ದಾಟುವಾಗ ಆ ತೇವ ಆವಿಯಾಗಿ ಹಾಳೆ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತೆ. ಟ್ರೇ ಮೇಲೆ ಕೈ ಇಟ್ಟರೆ ಸಣ್ಣಗೆ ಹಬೆ ತಾಗುತ್ತೆ, ಗಮನಿಸಿ ನೋಡಿ.

ನಾನು ಮಾಡೋದು ಇಷ್ಟೇ. ರೀಮಿನ ಹೊದಿಕೆ ಹರಿದು ಎಸೆಯಲ್ಲ. ಆ ಹೊದಿಕೆಯ ಒಳಮೈಯಲ್ಲಿ ತೇವ ತಡೆಯೋ ಪದರ ಇರುತ್ತೆ. ಒಂದು ತುದಿ ಮಾತ್ರ ಕತ್ತರಿಸಿ, ಬೇಕಾದಷ್ಟು ಹಾಳೆ ತೆಗೆದು, ಮತ್ತೆ ಮಡಚಿ ಟೇಪ್ ಅಂಟಿಸಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡ್ತೇನೆ. ಹಪ್ಪಳದ ಡಬ್ಬಿ ಮುಚ್ಚಿದ ಹಾಗೆ. ಸಂಜೆ ಬಾಗಿಲು ಹಾಕುವಾಗ ಟ್ರೇಯಲ್ಲಿ ಉಳಿದ ಹಾಳೆಯೂ ಡಬ್ಬಿಗೆ. ರಾತ್ರಿಯಿಡೀ ಟ್ರೇಯಲ್ಲಿ ಬಿಟ್ಟ ಹಾಳೆ ಬೆಳಿಗ್ಗೆ ಮೆತ್ತಗಾಗಿರುತ್ತೆ. ಮುಟ್ಟಿದರೆ ಟರಟರ ಶಬ್ದವೇ ಬರಲ್ಲ.

ಗದಗ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ)

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಶಾಲೆಯಲ್ಲಿರುವುದು ಮೇಲೆ ಸ್ಕ್ಯಾನರ್ ಇರುವ, ಪ್ರಿಂಟ್, ಸ್ಕ್ಯಾನ್, ಝೆರಾಕ್ಸ್ ಮೂರೂ ಕೆಲಸದ ಲೇಸರ್ ಯಂತ್ರ. ಹಾಳೆಯ ಉದ್ದಕ್ಕೂ ಕೂದಲೆಳೆಯಷ್ಟು ತೆಳ್ಳನೆ ಕಪ್ಪು ಗೆರೆ ಬರುತ್ತಿದೆ. ರೀಫಿಲ್ ಮಾಡುವವರು ಡ್ರಮ್ ಬದಲಿಸಿದರು. ಗೆರೆ ಹಾಗೇ ಇದೆ. ಇದೂ ಅಳೆದರೆ ಗೊತ್ತಾಗುತ್ತದೆಯೇ?

ದಾವಣಗೆರೆ ರೀಫಿಲ್ (ಮಂಗಳವಾರ, ಬೆಳಿಗ್ಗೆ)

ಉದ್ದ ಗೆರೆಗೆ ಅಂತರ ಅನ್ನುವುದೇ ಇಲ್ಲ ಸರ್, ಅಳೆಯಲು ಬರುವುದಿಲ್ಲ. ನಿಮಗೆ ಒಂದೇ ಪ್ರಶ್ನೆ. ಕಂಪ್ಯೂಟರ್‌ನಿಂದ ನೇರ ಪ್ರಿಂಟ್ ಕೊಟ್ಟಾಗಲೂ ಗೆರೆ ಇದೆಯಾ, ಝೆರಾಕ್ಸ್ ತೆಗೆದಾಗ ಮಾತ್ರವಾ?

ಗದಗ ಮೇಷ್ಟ್ರು (ಮಂಗಳವಾರ, ಮಧ್ಯಾಹ್ನ)

ಈಗ ನೋಡಿದೆ. ನೇರ ಪ್ರಿಂಟ್ ಶುದ್ಧವಾಗಿದೆ! ಹಾಳೆಗಳ ಕಟ್ಟನ್ನು ಮೇಲಿನ ಫೀಡರ್‌ನಲ್ಲಿ ಇಟ್ಟು ಝೆರಾಕ್ಸ್ ತೆಗೆದರೆ ಮಾತ್ರ ಗೆರೆ. ಮುಚ್ಚಳ ಎತ್ತಿ ಗಾಜಿನ ಮೇಲೆ ಇಟ್ಟು ತೆಗೆದರೆ ಅದೂ ಇಲ್ಲ.

ದಾವಣಗೆರೆ ರೀಫಿಲ್ (ಮಂಗಳವಾರ, ಮಧ್ಯಾಹ್ನ)

ಹಾಗಾದರೆ ಡ್ರಮ್ಮಿಗೂ ಇದಕ್ಕೂ ಸಂಬಂಧವೇ ಇಲ್ಲ. ಮುಚ್ಚಳ ಎತ್ತಿ. ದೊಡ್ಡ ಗಾಜಿನ ಪಕ್ಕದಲ್ಲಿ ಎರಡು ಬೆರಳಗಲದ ಇನ್ನೊಂದು ಗಾಜಿನ ಪಟ್ಟಿ ಇರುತ್ತದೆ. ಫೀಡರ್‌ನಿಂದ ಬರುವ ಹಾಳೆಯನ್ನು ಯಂತ್ರ ಓದುವುದು ಆ ಪಟ್ಟಿಯ ಮೇಲೆ. ಅಲ್ಲಿ ಕ್ಯಾಮೆರಾ ನಿಂತಿರುತ್ತದೆ, ಹಾಳೆ ಓಡುತ್ತದೆ. ಹಾಗಾಗಿ ಪಟ್ಟಿಯ ಮೇಲೆ ಒಂದು ಸೂಜಿಮೊನೆಯಷ್ಟು ಕಲೆ ಇದ್ದರೂ ಹಾಳೆಯ ಉದ್ದಕ್ಕೂ ಗೆರೆಯಾಗಿ ಬರುತ್ತದೆ. ಶಾಲೆ ಅಂದಿರಲ್ಲ, ವೈಟ್‌ನರ್ ಇರಬಹುದು. ಹಸಿ ವೈಟ್‌ನರ್ ಹಚ್ಚಿದ ಹಾಳೆ ಫೀಡರ್‌ಗೆ ಹಾಕಿದರೆ ಹಾಗಾಗುತ್ತದೆ. ಬಟ್ಟೆಯನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ ಒರೆಸಿ. ಗಾಜಿಗೆ ಸ್ಪಿರಿಟ್ ಹಚ್ಚಬಹುದು. ಹೋಗದಿದ್ದರೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಬ್ಲೇಡ್ ಬೇಡ.

ಗದಗ ಮೇಷ್ಟ್ರು (ಮಂಗಳವಾರ, ಸಂಜೆ)

ವೈಟ್‌ನರ್ರೇ ಸರ್. ಒಣಗಿ ಕಲ್ಲಾಗಿತ್ತು. ಅಂಕಪಟ್ಟಿ ತಿದ್ದಿ ಝೆರಾಕ್ಸ್ ತೆಗೆದಾಗ ಅಂಟಿರಬೇಕು. ಕೆರೆದು ತೆಗೆದೆ, ಗೆರೆ ಮಾಯ. ಡ್ರಮ್ಮಿನ ದುಡ್ಡು ಹೋಯಿತಲ್ಲ ಅಂತ ಬೇಸರವಾಯಿತು. ಆದರೂ ತುಂಬಾ ಧನ್ಯವಾದ.

ತೀರ್ಥಹಳ್ಳಿ ಡಿಟಿಪಿ (ಮಂಗಳವಾರ, ಸಂಜೆ)

ಅಣ್ಣಾ, ಡ್ರಮ್ ನೋಡಿದೆ. ಬಲತುದಿಯಿಂದ ಸುಮಾರು ಮೂರು ಬೆರಳು ಒಳಗೆ ಒಂದು ಸಣ್ಣ ಗಾಯ ಇದೆ. ಹತ್ತಿಯಿಂದ ಒರೆಸಿದರೆ ಹೋಗಲಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ನಡುವೆ ಬೆಳ್ಳಿ ಥರ ಹೊಳೆಯುತ್ತದೆ.

ಇನ್ನೊಂದು ವಿಷಯ. ಕಾಟ್ರಿಡ್ಜ್ ತೆಗೆದ ಮೇಲೆ ಒಳಗೆ ಬಗ್ಗಿ ನೋಡಿದರೆ ಒಂದು ಸ್ಟೇಪ್ಲರ್ ಪಿನ್ ಬಿದ್ದಿತ್ತು. ಒಂದು ಬದಿ ಖಾಲಿ ಇರುವ ಹಳೇ ಹಾಳೆಗಳನ್ನು ಕರಡು ಪ್ರಿಂಟ್‌ಗೆ ಬಳಸುತ್ತೇವೆ. ಪಿನ್ ತೆಗೆಯದ ಹಾಳೆ ಯಾವುದೋ ಒಳಗೆ ಹೋಗಿದೆ. ಡ್ರಮ್ ಗಾಯಕ್ಕೆ ಅದೇ ಕಾರಣ ಇರಬಹುದಾ?

ದಾವಣಗೆರೆ ರೀಫಿಲ್ (ಮಂಗಳವಾರ, ರಾತ್ರಿ)

ಅದೇ ಇರಬೇಕು. ಪಿನ್ ಸಿಕ್ಕಿದ್ದು ಒಳ್ಳೆಯದಾಯಿತು. ಹೊಸ ಕಾಟ್ರಿಡ್ಜ್ ಹಾಕಿದ್ದರೆ ಅದಕ್ಕೂ ಅದೇ ಗತಿ ಆಗುತ್ತಿತ್ತು. ಇನ್ನೊಂದು ಪಿನ್ ಇಲ್ಲ ಅಂತ ಟಾರ್ಚ್ ಹಿಡಿದು ಖಾತ್ರಿ ಮಾಡಿಕೊಳ್ಳಿ.

ಚುಕ್ಕಿಯ ವಿಷಯ ಮುಗಿಯಿತು. ಈಗ ಬೂದು ಬಣ್ಣ. ಇದಕ್ಕೊಂದು ಪರೀಕ್ಷೆ ಇದೆ. ಪ್ರಿಂಟ್ ಕೊಡಿ. ಹಾಳೆ ಅರ್ಧ ಒಳಗೆ ಹೋದಾಗ ಮುಂದಿನ ಬಾಗಿಲು ತೆರೆದುಬಿಡಿ. ಯಂತ್ರ ನಿಲ್ಲುತ್ತದೆ. ಸ್ವಿಚ್ ಆರಿಸಿ. ಕಾಟ್ರಿಡ್ಜ್ ಹೊರಗೆ ತೆಗೆದು ಡ್ರಮ್ ನೋಡಿ. ಇನ್ನೂ ಹಾಳೆಗೆ ದಾಟದ ಅಕ್ಷರಗಳು ಡ್ರಮ್ ಮೇಲೆ ತಿರುಗುಮುರುಗಾಗಿ ಕಾಣುತ್ತವೆ. ಅಲ್ಲಿ ಅಕ್ಷರದ ಸುತ್ತಲಿನ ಜಾಗ ಶುದ್ಧವಾಗಿದ್ದು, ಹಾಳೆಯಲ್ಲಿ ಮಾತ್ರ ಕೊಳೆ ಇದ್ದರೆ ತೊಂದರೆ ಹಾಳೆಯದ್ದೋ ಟ್ರಾನ್ಸ್‌ಫರ್ ರೋಲರ್‌ದ್ದೋ. ಡ್ರಮ್ ಮೇಲೆಯೇ ಪುಡಿ ಹರಡಿಕೊಂಡಿದ್ದರೆ ತೊಂದರೆ ಕಾಟ್ರಿಡ್ಜ್ ಒಳಗೇ ಹುಟ್ಟಿದೆ. ಹಾಳೆಯನ್ನು ಎಳೆದು ತೆಗೆಯುವಾಗ ಜೋಪಾನ. ಫ್ಯೂಸರ್ ದಾಟದ ಭಾಗದಲ್ಲಿ ಪುಡಿ ಸಡಿಲವಾಗಿರುತ್ತದೆ, ಬಟ್ಟೆಗೆಲ್ಲ ಆಗುತ್ತದೆ. ಹಾಗೇನಾದರೂ ಆದರೆ ಕೊಡವಿ, ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಪುಡಿ ಮೆತ್ತಗಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಲು ಹೋಗಬೇಡಿ. ಪುಡಿ ಎಷ್ಟು ನುಣುಪು ಅಂದರೆ ಅದರ ಫಿಲ್ಟರ್ ದಾಟಿ ಕೋಣೆ ತುಂಬಾ ಹಾರುತ್ತದೆ.

ರಾಯಚೂರು ಕಂಪ್ಯೂಟರ್ ಲ್ಯಾಬ್ (ಮಂಗಳವಾರ, ರಾತ್ರಿ)

ಅಣ್ಣಾ, ನಮ್ಮದು ಇನ್ನೂ ವಿಚಿತ್ರ. ನಿನ್ನೆಯಿಂದ ಹಾಳೆ ಪೂರ್ತಿ ಕಪ್ಪಾಗಿ ಬರಾಕತ್ತೈತಿ. ಅಕ್ಷರವೇ ಇಲ್ಲ, ಬರೀ ಕಪ್ಪು. ಲೇಸರ್ ಸುಟ್ಟುಹೋಗಿದೆ ಅಂತಾರೆ.

ದಾವಣಗೆರೆ ರೀಫಿಲ್ (ಮಂಗಳವಾರ, ರಾತ್ರಿ)

ತಮ್ಮಾ, ಮೇಲೆ ಬರೆದದ್ದನ್ನೇ ಇನ್ನೊಮ್ಮೆ ಓದಿ ನೋಡು. ಲೇಸರ್ ಬಿದ್ದ ಕಡೆ ಪುಡಿ ಕೂರುತ್ತದೆ. ಲೇಸರ್ ಸುಟ್ಟುಹೋಗಿದ್ದರೆ ಹಾಳೆ ಪೂರ್ತಿ ಬಿಳಿ ಬರಬೇಕಿತ್ತು. ಪೂರ್ತಿ ಕಪ್ಪು ಬರುತ್ತಿದೆ ಅಂದರೆ ಡ್ರಮ್ಮಿಗೆ ವಿದ್ಯುತ್ತೇ ತುಂಬುತ್ತಿಲ್ಲ. ಪಿಸಿಆರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದಕ್ಕೆ ವಿದ್ಯುತ್ ಕೊಡುವ ತಗಡಿನ ತುದಿ ಬಾಗಿದೆ ಅಥವಾ ಕೊಳೆಯಾಗಿದೆ. ಈಚೆಗೆ ರೀಫಿಲ್ ಆಗಿದ್ದರೆ ಜೋಡಿಸುವಾಗ ಹಾಗಾಗಿರಬಹುದು. ಇನ್ನೊಂದು ಕಾಟ್ರಿಡ್ಜ್ ಯಾರದ್ದಾದರೂ ತಂದು ಹಾಕಿ ನೋಡು. ಸರಿ ಬಂದರೆ ನಿನ್ನ ಪ್ರಿಂಟರ್‌ಗೆ ಏನೂ ಆಗಿಲ್ಲ.

ತೀರ್ಥಹಳ್ಳಿ ಡಿಟಿಪಿ (ಬುಧವಾರ, ಬೆಳಿಗ್ಗೆ)

ಅರ್ಧಕ್ಕೆ ನಿಲ್ಲಿಸಿ ನೋಡಿದೆ. ಡ್ರಮ್ ಮೇಲೇ ಪುಡಿ ಇದೆ. ಹೊಳಪಿನ ಮೇಲೆ ಮಂಜು ಕೂತ ಹಾಗೆ, ಎಲ್ಲ ಕಡೆ. ಡೆನ್ಸಿಟಿ (ಪ್ರಿಂಟ್ ಎಷ್ಟು ಕಪ್ಪಾಗಬೇಕು ಅನ್ನುವ ಸೆಟ್ಟಿಂಗ್) ನಡುವಿನಲ್ಲೇ ಇದೆ, ಯಾರೂ ಜಾಸ್ತಿ ಮಾಡಿಲ್ಲ.

ಎಡಗಡೆ ಮಾಸಿದ್ದಕ್ಕೂ ಒಂದು ಪ್ರಯೋಗ ಮಾಡಿದೆ. ಕಾಟ್ರಿಡ್ಜನ್ನು ಅಡ್ಡಕ್ಕೆ ಹಿಡಿದು ಮೆಲ್ಲಗೆ ಐದಾರು ಸಲ ತೂಗಿ ಹಾಕಿದೆ. ಹತ್ತು ಹಾಳೆ ಚೆನ್ನಾಗಿ ಬಂತು. ಆಮೇಲೆ ಮತ್ತೆ ಮಾಸಿತು.

ದಾವಣಗೆರೆ ರೀಫಿಲ್ (ಬುಧವಾರ, ಬೆಳಿಗ್ಗೆ)

ಒಳ್ಳೆಯ ಕೆಲಸ ಮಾಡಿದಿರಿ. ತೂಗಿದಾಗ ಸುಧಾರಿಸಿತು ಅಂದರೆ ಎಡಗಡೆ ಪುಡಿ ಹೋಗುತ್ತಿಲ್ಲ. ಲೇಸರ್ ಬರುವ ಕಿಂಡಿಯ ಗಾಜಿಗೆ ಧೂಳು ಕೂತಿದ್ದರೆ ಹಾಗಾಗುವುದಿಲ್ಲ. ಆಗ ಅಂಚು ಚೂಪಾದ ಬಿಳಿ ಗೆರೆ ಬರುತ್ತದೆ, ತೂಗಿದರೂ ಕದಲುವುದಿಲ್ಲ. ಒಂದು ಕೇಳಲೇ? ರೀಫಿಲ್ ಮಾಡಿಸಿ ತಂದ ಕಾಟ್ರಿಡ್ಜನ್ನು ಹೇಗೆ ಇಟ್ಟಿದ್ದಿರಿ?

ತೀರ್ಥಹಳ್ಳಿ ಡಿಟಿಪಿ (ಬುಧವಾರ, ಬೆಳಿಗ್ಗೆ)

ಅಯ್ಯೋ. ಜಾಗ ಇಲ್ಲ ಅಂತ ಕಪಾಟಿನಲ್ಲಿ ಪುಸ್ತಕದ ಥರ ನೆಟ್ಟಗೆ ನಿಲ್ಲಿಸಿದ್ದೆ. ನಾಲ್ಕೈದು ದಿನ.

ದಾವಣಗೆರೆ ರೀಫಿಲ್ (ಬುಧವಾರ, ಬೆಳಿಗ್ಗೆ)

ಅದೇ ನೋಡಿ. ಪುಡಿ ಎಲ್ಲಾ ಒಂದು ತುದಿಗೆ ಇಳಿದು ಕೂತಿದೆ. ಮಳೆಗಾಲ ಬೇರೆ, ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಇನ್ನು ಮೇಲೆ ಯಾವಾಗಲೂ ಮಲಗಿಸಿಯೇ ಇಡಿ.

ಬೂದು ಬಣ್ಣಕ್ಕೆ ರೀಫಿಲ್‌ನವರ ಬಳಿ ಮೂರು ವಿಷಯ ಕೇಳಿ. ಬೈಯಲು ಹೋಗಬೇಡಿ, ಸುಮ್ನೆ ಕೇಳಿ. ವೇಸ್ಟ್ ಪುಡಿ ಖಾಲಿ ಮಾಡಿದರಾ? ಡ್ರಮ್ ಮೇಲೆ ಉಳಿದ ಪುಡಿಯನ್ನು ವೈಪರ್ ಬ್ಲೇಡ್ ಕೆರೆದು ಒಂದು ಗೂಡಿಗೆ ತುಂಬುತ್ತದೆ. ಮೇಲಿಂದ ಮೇಲೆ ರೀಫಿಲ್ ಮಾಡಿ ಆ ಗೂಡು ಖಾಲಿ ಮಾಡದಿದ್ದರೆ ಅದು ತುಂಬಿ ಹೊರಗೆ ಚೆಲ್ಲುತ್ತದೆ. ಎರಡನೆಯದು, ಪಿಸಿಆರ್ ಒರೆಸಿದರಾ? ಅದರ ಮೈಗೆ ಪುಡಿ ಅಂಟಿದ್ದರೆ ಡ್ರಮ್ಮಿಗೆ ವಿದ್ಯುತ್ ಒಂದೇ ಸಮ ಸಿಗುವುದಿಲ್ಲ, ಪುಡಿ ಎಲ್ಲೆಂದರಲ್ಲಿ ಕೂರುತ್ತದೆ. ಮೂರನೆಯದು, ಯಾವ ಪುಡಿ ಹಾಕಿದರು? ಹಳೇ ಪುಡಿ ಸುರಿದು ಹಾಕಿದರಾ, ಅದರ ಮೇಲೇ ಹಾಕಿದರಾ? 12ಎ ಪುಡಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅಯಸ್ಕಾಂತ ಹಿಡಿದರೆ ಎದ್ದು ಬರುತ್ತದೆ. ಬ್ರದರ್ ಪುಡಿ ಬರುವುದಿಲ್ಲ. ಎಲ್ಲಾ ಕಪ್ಪು ಪುಡಿಯೂ ಒಂದೇ ಅಂದುಕೊಂಡವರು ಇದ್ದಾರೆ, ಅದು ದೊಡ್ಡ ತಪ್ಪು.

ತುರುವೇಕೆರೆ ಅರ್ಜಿ ಕೇಂದ್ರ (ಬುಧವಾರ, ಮಧ್ಯಾಹ್ನ)

ಮೇಡಂ, ಒತ್ತಕ್ಷರದ ಬಗ್ಗೆ ಒಂದು ಮಾತು. ಪ್ರಿಂಟ್ ಕೊಡುವಾಗ ಕಂಪ್ಯೂಟರ್‌ನಲ್ಲಿ ಬರುವ ಪ್ರಾಪರ್ಟೀಸ್‌ನಲ್ಲಿ ಟೋನರ್ ಸೇವ್ ಅಥವಾ ಎಕಾನಮಿ ಮೋಡ್ ಟಿಕ್ ಆಗಿದೆಯಾ ನೋಡಿ. ಅದು ಪುಡಿ ಉಳಿಸಲು ಚುಕ್ಕಿಗಳನ್ನು ಬಿಟ್ಟು ಬಿಟ್ಟು ಹಾಕುತ್ತೆ. ಇಂಗ್ಲಿಷ್ ದಪ್ಪ ಅಕ್ಷರ ತಡ್ಕೊಳ್ಳುತ್ತೆ. ನಮ್ಮ ಕನ್ನಡದಲ್ಲಿ ಮೂಲ ಅಕ್ಷರ ಉಳಿದರೂ ಕೆಳಗಿನ ಒತ್ತು ಸಣ್ಣದಲ್ವಾ, ಮೊದಲು ಮಾಯ ಆಗೋದು ಅದೇ. ಪಹಣಿಯಲ್ಲಿ ಹೆಸರುಗಳೆಲ್ಲ ಸಣ್ಣ ಅಕ್ಷರ. ಒಂದು ಒತ್ತು ಹೋದರೆ ಹೆಸರೇ ಬೇರೆ. ಜಾತಿ ಆದಾಯ ಪತ್ರದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗಲ್ಲ ಅಂತ ಒಂದು ಸಲ ಜನ ವಾಪಸ್ ತಂದರು. ಆಗ ಗೊತ್ತಾಗಿದ್ದು ನನಗೆ. ಅವತ್ತಿಂದ ದಾಖಲೆಗಳಿಗೆ ಆ ಟಿಕ್ ಹಾಕೋದೇ ಇಲ್ಲ.

ತೀರ್ಥಹಳ್ಳಿ ಡಿಟಿಪಿ (ಬುಧವಾರ, ಮಧ್ಯಾಹ್ನ)

ಟಿಕ್ ಆಗಿತ್ತು! ಕರಡು ತೆಗೆಯುವಾಗ ಅಂಗಡಿ ಹುಡುಗ ಹಾಕಿದ್ದನಂತೆ, ತೆಗೆಯಲು ಮರೆತಿದ್ದಾನೆ. ತೆಗೆದ ಕೂಡಲೇ ಬಲಗಡೆ ಅಕ್ಷರ ಕಡುಕಪ್ಪಾಯಿತು. 'ಪತ್ನಿ'ಯ ನ ಒತ್ತು ನೆಟ್ಟಗೆ ಕಾಣುತ್ತಿದೆ. ಎಡಗಡೆ ಇನ್ನೂ ಸ್ವಲ್ಪ ಮಾಸಲು.

ಎಸ್‌ಪಿ ರೋಡ್ ಸರ್ವಿಸ್ (ಬುಧವಾರ, ಸಂಜೆ)

ಇಷ್ಟೆಲ್ಲ ಮಾತಾಡಿದಿರಿ, ಫ್ಯೂಸರ್ ಕೆಟ್ಟರೆ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ. ನಾನು ಬೆಂಗಳೂರಿನಲ್ಲಿ ಅದನ್ನೇ ರಿಪೇರಿ ಮಾಡುವವನು. ಹೊರಗೆ ಬಂದ ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಅಕ್ಷರ ಉದುರಿದರೆ ಫ್ಯೂಸರ್ ಬಿಸಿ ಸಾಲುತ್ತಿಲ್ಲ ಅಂತ. ಹಾಳೆ ತೀರಾ ತೇವ ಇದ್ದರೂ ಹಾಗಾಗುತ್ತೆ. ದಪ್ಪ ಕಾರ್ಡ್ ಹಾಕಿ ಪ್ರಿಂಟರ್‌ಗೆ ಹೇಳದಿದ್ದರೂ ಹಾಗಾಗುತ್ತೆ. ಮದುವೆ ಕಾರ್ಡ್ ಪ್ರಿಂಟ್ ಹಾಕುವವರು ಪೇಪರ್ ಟೈಪ್‌ನಲ್ಲಿ ಹೆವಿ ಅಂತ ಆರಿಸಿ. ಆಗ ಯಂತ್ರ ನಿಧಾನಕ್ಕೆ, ಜಾಸ್ತಿ ಬಿಸಿಯಲ್ಲಿ ಅಂಟಿಸುತ್ತೆ.

ಫ್ಯೂಸರ್‌ನಲ್ಲಿ ಒಂದು ತೆಳ್ಳನೆ ಹಾಳೆಯಂಥ ತೋಳು ತಿರುಗುತ್ತೆ, ಟೆಫ್ಲಾನ್ ಅಂತೀವಿ. ಸ್ಟೇಪ್ಲರ್ ಪಿನ್ ಡ್ರಮ್ಮಿಗಿಂತ ಅದಕ್ಕೆ ದೊಡ್ಡ ಶತ್ರು. ಹರಿದರೆ ಆ ಜಾಗದಲ್ಲಿ ಅಕ್ಷರ ಕಿತ್ತು ಬರುತ್ತೆ, ಹಾಳೆ ಸುಕ್ಕಾಗುತ್ತೆ. ಇಂಕ್‌ಜೆಟ್‌ನ ಹೊಳಪು ಫೋಟೋ ಪೇಪರ್ ಲೇಸರ್‌ಗೆ ಹಾಕಲೇಬೇಡಿ. ಅದರ ಲೇಪ ಕರಗಿ ಟೆಫ್ಲಾನ್‌ಗೆ ಮೆತ್ತಿಕೊಳ್ಳುತ್ತೆ. ಮತ್ತೆ, ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಜೋಡಿಸಬೇಡಿ. ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬಾ ಕರೆಂಟ್ ಎಳೆಯುತ್ತೆ. ಯುಪಿಎಸ್ ಕೀರಲು ಕೂಗಿ ಎಲ್ಲಾ ಆಫ್ ಆಗುತ್ತೆ, ಟೈಪ್ ಮಾಡಿದ್ದು ಹೋಗುತ್ತೆ.

ತೀರ್ಥಹಳ್ಳಿ ಡಿಟಿಪಿ (ಬುಧವಾರ, ರಾತ್ರಿ)

ಉಜ್ಜಿ ನೋಡಿದೆ ಸರ್, ಏನೂ ಉದುರುತ್ತಿಲ್ಲ. ಫ್ಯೂಸರ್ ಸರಿ ಇದೆ ಅಂತ ಧೈರ್ಯ ಬಂತು. ನಾಳೆ ಬೆಳಿಗ್ಗೆ ಶಿವಮೊಗ್ಗಕ್ಕೇ ಹೋಗಿ ಡ್ರಮ್ ಹಾಕಿಸಿಕೊಂಡು ಬರುತ್ತೇನೆ.

ಹಾಸನ ಝೆರಾಕ್ಸ್ (ಬುಧವಾರ, ರಾತ್ರಿ)

ನಮ್ಮ ಅಂಗಡಿಯ ಬ್ರದರ್‌ನಲ್ಲೂ ಉದ್ದ ಕಪ್ಪು ಪಟ್ಟಿ ಬರ್ತಿತ್ತು. ಇದೆಲ್ಲ ಓದಿ ಡ್ರಮ್ ಯೂನಿಟ್ ತೆಗೆದು ನೋಡಿದೆ. ಅತ್ತಿತ್ತ ಸರಿಸೋ ಹಸಿರು ಗುಂಡಿ ಒಂದಿದೆಯಲ್ಲ, ಅದು ನಡುವೆ ನಿಂತಿತ್ತು.

ದಾವಣಗೆರೆ ರೀಫಿಲ್ (ಬುಧವಾರ, ರಾತ್ರಿ)

ಹೌದು ಸರ್, ಅದೇ ಕಾರಣ. ಬ್ರದರ್‌ನಲ್ಲಿ ಪಿಸಿಆರ್ ಬದಲು ಕೊರೋನಾ ವೈರ್ ಅಂತ ಒಂದು ತಂತಿ ಇರುತ್ತದೆ. ಆ ಹಸಿರು ಗುಂಡಿ ಇರುವುದು ತಂತಿ ಒರೆಸಲು. ಅತ್ತಿಂದಿತ್ತ ಹತ್ತು ಸಲ ಓಡಿಸಿ, ಕೊನೆಗೆ ಬಾಣದ ಗುರುತು ಇರುವ ಜಾಗಕ್ಕೇ ತಂದು ನಿಲ್ಲಿಸಬೇಕು. ನಡುವೆ ಬಿಟ್ಟರೆ ಅದು ನಿಂತ ಕಡೆಯೇ ಪಟ್ಟಿ ಬೀಳುತ್ತದೆ.

ತೀರ್ಥಹಳ್ಳಿ ಡಿಟಿಪಿ (ಗುರುವಾರ, ರಾತ್ರಿ)

ಶಿವಮೊಗ್ಗಕ್ಕೆ ಹೋಗಿ ಬಂದೆ. ನನ್ನ ಮುಂದೆಯೇ ಬಿಚ್ಚಿದರು. ವೇಸ್ಟ್ ಗೂಡು ತುಂಬಿ ತುಳುಕುತ್ತಿತ್ತು. ಒಂದು ಹಳೇ ಪೇಪರ್ ಮೇಲೆ ಬಗ್ಗಿಸಿದರೆ ಮುಷ್ಟಿ ತುಂಬಾ ಪುಡಿ ಬಿತ್ತು. ಪುಡಿ ಗೂಡಿನ ಎಡ ತುದಿಯಲ್ಲಿ ಬೆಲ್ಲದ ಅಚ್ಚಿನಂಥ ಗಡ್ಡೆ ಇತ್ತು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದ ಮೇಲೆ ಒಡೆಯಿತು. ಪಿಸಿಆರ್ ಒರೆಸಿದ ಬಟ್ಟೆ ಕಪ್ಪಾಯಿತು. ಡ್ರಮ್, ವೈಪರ್ ಬ್ಲೇಡ್ ಎರಡೂ ಹೊಸದು ಹಾಕಿಸಿದೆ. ಹಳೇ ಪುಡಿ ಪೂರ್ತಿ ಸುರಿದು 12ಎ ಪುಡಿ ತುಂಬಿದರು. ಅಯಸ್ಕಾಂತದ ವಿಷಯ ಕೇಳಿದೆ. ನಗುತ್ತಲೇ ಹಿಡಿದು ತೋರಿಸಿದರು, ಪುಡಿ ಮುಳ್ಳುಮುಳ್ಳಾಗಿ ಎದ್ದು ನಿಂತಿತು.

ಚುಕ್ಕಿ ಇಲ್ಲ. ಎಡ ಬಲ ಎರಡೂ ಒಂದೇ ಸಮ ಕಪ್ಪು. ಟ್ರೇಯಲ್ಲಿ ಉಳಿದಿದ್ದ ಹಳೇ ಹಾಳೆಯಲ್ಲಿ ದಪ್ಪ ಅಕ್ಷರದ ನಡುವೆ ಇನ್ನೂ ಸ್ವಲ್ಪ ಬಿಳಿ ಮೋಡ ಇತ್ತು. ಕುಂದಾಪುರದವರು ಹೇಳಿದ ಹಾಗೆ ಹೊಸ ರೀಮನ್ನು ಡಬ್ಬಿಯಲ್ಲಿಟ್ಟು ಅದರಿಂದಲೇ ತೆಗೆದು ಹಾಕಿದೆ, ಅದೂ ಹೋಯಿತು. ಒಂದು ಬದಿ ಹಾಳೆಗಳ ಕಟ್ಟು ಪೂರ್ತಿ ಬಿಡಿಸಿ ಕೂತು ಪಿನ್ ತೆಗೆದೆವು. ಹನ್ನೊಂದು ಪಿನ್ ಸಿಕ್ಕಿತು.

ದಾವಣಗೆರೆ ರೀಫಿಲ್ (ಗುರುವಾರ, ರಾತ್ರಿ)

ತುಂಬಾ ಸಂತೋಷ ತಂಗಿ. ಈಗ ಬಂದ ಚೆನ್ನಾದ ಪ್ರಿಂಟ್ ಒಂದನ್ನು ತಾರೀಖು ಬರೆದು ಎತ್ತಿಡಿ. ಮುಂದೆ ಏನಾದರೂ ಬದಲಾದರೆ ಪಕ್ಕದಲ್ಲಿ ಹಿಡಿದು ನೋಡಲು ಬೇಕಾಗುತ್ತದೆ.

ತೀರ್ಥಹಳ್ಳಿ ಡಿಟಿಪಿ (ಶುಕ್ರವಾರ, ಬೆಳಿಗ್ಗೆ)

ಎತ್ತಿಟ್ಟೆ ಅಣ್ಣಾ, ಸ್ಕೇಲ್ ಜೊತೆಗೇ. ಪ್ರಶ್ನೆಪತ್ರಿಕೆ ಕಟ್ಟು ಈಗಷ್ಟೇ ಶಾಲೆಯವರು ತಗೊಂಡು ಹೋದರು.